ಬೋಟು ತರುವ ಮೊದಲು ಅದು ನಿಲ್ಲುವ ದಿನಗಳ ಲೆಕ್ಕ ಹಾಕಿ

ಮಾನ್ಯ ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರಿಗೆ,

ನಮಸ್ಕಾರ. ಮಂಗಳೂರಿಗೆ ವಾಟರ್ ಮೆಟ್ರೊ ಬರುತ್ತದಂತೆ, ಬಜಾಲಿನಿಂದ ಮರವೂರಿನ ತನಕ ನೇತ್ರಾವತಿ, ಫಲ್ಗುಣಿ ನದಿಗಳಲ್ಲಿ ಬೋಟು ಓಡುತ್ತದಂತೆ ಎಂಬ ಸುದ್ದಿ ಕೇಳಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ವೇಗದ ಪ್ರಯಾಣಿಕ ಕ್ಯಾಟಮರಾನ್‌ಗಳ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ನನ್ನ ಬೇಡಿಕೆ ಒಂದೇ: ಯೋಜನಾ ವರದಿಯಲ್ಲಿ ಬೋಟು ಓಡುವ ದಿನಗಳ ಜೊತೆಗೆ ಅದು ನಿಲ್ಲುವ ದಿನಗಳ ಲೆಕ್ಕವೂ ಇರಲಿ.

ಕ್ಯಾಟಮರಾನ್ ಅಂದರೆ ಜೋಡಿ ಒಡಲಿನ ಬೋಟು. ಸಪೂರ ಒಡಲು ನೀರನ್ನು ಸಲೀಸಾಗಿ ಸೀಳುತ್ತದೆ, ಎರಡರ ನಡುವೆ ಅಂತರ ಇರುವುದರಿಂದ ಹೊಯ್ದಾಟವೂ ಕಮ್ಮಿ. ವೇಗ ಬೇಕಾದರೆ ಮೈ ಹಗುರ ಇರಬೇಕು, ಹಾಗಾಗಿ ಅಲ್ಯೂಮಿನಿಯಂ. ಉಪ್ಪುನೀರಿನಲ್ಲಿ ಅದಕ್ಕೆ ಉಕ್ಕು ತಾಗಿದಲ್ಲೆಲ್ಲ ಸವೆತ ಶುರು. ತಳಕ್ಕೆ ಚಿಪ್ಪು ಹತ್ತಿದರೆ ಅಷ್ಟೇ ಡೀಸೆಲ್ ಕುಡಿದರೂ ಮೊದಲಿನ ಓಟ ಇರುವುದಿಲ್ಲ. ಬೋಟನ್ನು ಮೇಲೆಳೆದು ಕೆರೆದು, ಬಣ್ಣ ಹೊಡೆದು, ಒಡಲಿನ ಬದಲು ತಾನು ಸವೆಯಲೆಂದೇ ತಳಕ್ಕೆ ಹಾಕುವ ಲೋಹದ ತುಂಡು, ಅಂದರೆ ಆನೋಡ್, ಸವೆದದ್ದನ್ನು ಬದಲಿಸಿ, ಬೋಟಿನ ಸುರಕ್ಷತೆ ಪರೀಕ್ಷಿಸುವ ಸರ್ವೆಯವರಿಗೆ ತೋರಿಸಿ ಮತ್ತೆ ನೀರಿಗಿಳಿಸಬೇಕು. ಮುಂದೂಡಿದರೆ ಖರ್ಚು ಬಡ್ಡಿ ಸಮೇತ ಬರುತ್ತದೆ.

ವೇಗದ ಬೋಟುಗಳಲ್ಲಿ ಅನೇಕವಕ್ಕೆ ವಾಟರ್‌ಜೆಟ್ ಇರುತ್ತದೆ. ತಳದಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸುತ್ತದೆ. ನೀರಿನ ಜೊತೆ ಏನು ಬಂದರೂ ಹೀರುತ್ತದೆ. ಒಮ್ಮೆ ಜೆಟ್ಟಿ ಬಿಟ್ಟ ಸ್ವಲ್ಪ ಹೊತ್ತಿಗೆ ಎಡಗಡೆಯ ಎಂಜಿನ್ ಅರಚತೊಡಗಿತು, ಬೋಟು ಒಂದೇ ಮಗ್ಗುಲಿಗೆ ಎಳೆಯತೊಡಗಿತು. ಎಂಜಿನ್ ನಿಲ್ಲಿಸಿ, ಮುಚ್ಚಳ ಬಿಚ್ಚಿ ಕೈಹಾಕಿದರೆ ನೀರು ತಳ್ಳುವ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ಹರಿದ ಬಲೆ ಸುತ್ತಿಕೊಂಡಿತ್ತು, ಅದರೊಳಗೊಂದು ಹವಾಯಿ ಚಪ್ಪಲಿ. ಮೇಲೆ ಪ್ರಯಾಣಿಕರು ವಾಚು ನೋಡುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಫಲ್ಗುಣಿಯಲ್ಲಿ ಏನೆಲ್ಲ ತೇಲಿಬರುತ್ತದೆ ಎಂದು ಕೂಳೂರು ಸೇತುವೆಯ ಮೇಲೆ ನಿಂತು ನೋಡಿದವರಿಗೆ ಗೊತ್ತು.

ಹಾಗಾಗಿ ನದಿಯಲ್ಲಿ ವೇಗದ ಆಸೆ ಬೇಡ. 2023ರ ಏಪ್ರಿಲ್‌ನಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೊದ ನೂರು ಜನರ ಕ್ಯಾಟಮರಾನ್‌ಗಳು ಬ್ಯಾಟರಿಯಲ್ಲಿ ಓಡುವುದು ಸುಮಾರು 8 ನಾಟ್, ಅಂದರೆ ಗಂಟೆಗೆ 15 ಕಿ.ಮೀ. ಅಷ್ಟು ಸಾಕು. ಅದಕ್ಕಿಂತ ಜೋರು ಹೋದರೆ ಎದ್ದ ಅಲೆ ದಡ ಕೊರೆಯುತ್ತದೆ, ಸೊಂಟಮಟ್ಟ ನೀರಿನಲ್ಲಿ ಮರುವಾಯಿ (ಕಪ್ಪೆಚಿಪ್ಪು) ಹೆಕ್ಕುವವರ ದೋಣಿ ಮಗುಚುತ್ತದೆ. ಕೊಚ್ಚಿಗೆ ಅಧಿಕಾರಿಗಳು ಹೋದರೆ ಜೆಟ್ಟಿಯನ್ನು ಚೆನ್ನಾಗಿ ನೋಡಿಕೊಂಡು ಬರಲಿ. ಭರತ ಇಳಿತಕ್ಕೆ ತಕ್ಕಂತೆ ಏರಿಳಿಯುವ ತೇಲುಕಟ್ಟೆಯಾದ್ದರಿಂದ ಗಾಲಿಕುರ್ಚಿಯೂ ನೇರ ಒಳಗೆ ಹೋಗುತ್ತದೆ.

ಕೊಚ್ಚಿಗೆ ಇನ್ನೊಂದು ಅನುಕೂಲ, ಬೋಟು ಕಟ್ಟಿದ ಶಿಪ್‌ಯಾರ್ಡ್ ಅದೇ ಊರಿನಲ್ಲಿದೆ. ನಮಗೂ ದೂರವೇನಿಲ್ಲ. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ. ಬೋಟಿನ ಟೆಂಡರ್ ಕರೆಯುವಾಗಲೇ ವಾರ್ಷಿಕ ದುರಸ್ತಿ ಯಾರದು, ಎಲ್ಲಿ, ಎಷ್ಟು ದಿನದಲ್ಲಿ ಎಂದು ಬರೆಸಿಕೊಳ್ಳಿ. ಬಿಡಿಭಾಗ ಮಂಗಳೂರಿನ ಗೋದಾಮಿನಲ್ಲೇ ಇರಲಿ. ನೀರು ಸೋರದಂತೆ ತಡೆಯುವ ಒಂದು ಸೀಲ್ ವಿದೇಶದಿಂದ ಬರಲಿ ಎಂದು ಬೋಟು ತಿಂಗಳುಗಟ್ಟಲೆ ಕಟ್ಟಿಹಾಕಿದ್ದನ್ನು ಕಂಡಿದ್ದೇನೆ.

ಮುಖ್ಯವಾಗಿ, ಒಂದು ದುರಸ್ತಿಗೆ ಹೋದಾಗ ಬದಲಿಗೆ ಓಡಿಸಲು ಮೀಸಲು ಬೋಟು ಬೇಕು. ಅದನ್ನು ಪಟ್ಟಿಯಿಂದ ಹೊಡೆದುಹಾಕಲು ಹಣಕಾಸಿನವರಿಗೆ ಕೈ ಬೇಗ ಬರುತ್ತದೆ. ಕೂಳೂರಿನ ಟ್ರಾಫಿಕ್ ಸಾಕಾಗಿ ಬೋಟು ಹತ್ತಿದವರು ಮೂರು ದಿನ ‘ಇಂದು ಸೇವೆ ಇಲ್ಲ’ ಎಂಬ ಬೋರ್ಡು ನೋಡಿದರೆ ನಾಲ್ಕನೇ ದಿನ ಸ್ಕೂಟರ್ ಹೊರತೆಗೆಯುತ್ತಾರೆ. ಮುಂಬೈಯಲ್ಲಿ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಕ್ಯಾಟಮರಾನ್‌ಗಳು ಪ್ರತಿ ಮಳೆಗಾಲ ನಿಲ್ಲುತ್ತವೆ, ಅದು ಜನರಿಗೆ ಮೊದಲೇ ಗೊತ್ತಿರುತ್ತದೆ. ನೆರೆಯ ದಿನಗಳಲ್ಲಿ ನಮ್ಮ ಬೋಟೂ ನಿಲ್ಲಲಿ, ಬದಲಿ ಬಸ್ಸು ಯಾವುದೆಂದು ಜೂನ್‌ಗೆ ಮೊದಲೇ ಹೇಳಿಬಿಡಿ.

ಸಿಬ್ಬಂದಿ ಹುಡುಕಲು ದೂರ ಹೋಗಬೇಡಿ. ಬೆಂಗರೆ, ತಣ್ಣೀರುಬಾವಿ ಕಡವುಗಳಲ್ಲಿ ಬೋಟು ನಡೆಸುವವರಿಗೆ ಎಲ್ಲಿ ಹೂಳು ತುಂಬಿದೆ, ಇಳಿತದಲ್ಲಿ ಎಲ್ಲಿ ತಳ ತಾಗುತ್ತದೆ ಎಂದು ನಕ್ಷೆ ಬೇಡ. ಅವರಿಗೆ ತರಬೇತಿ ಕೊಟ್ಟು, ಪರೀಕ್ಷೆ ಬರೆಸಿ, ಪ್ರಮಾಣಪತ್ರ ಕೊಡಿಸಿ. ವರದಿ ಅಂತಿಮವಾಗುವ ಮೊದಲು ದಕ್ಕೆಯಲ್ಲೇ (ಬೋಟು ಕಟ್ಟುವ ಕಟ್ಟೆಯಲ್ಲೇ) ಒಂದು ಸಭೆ ಕರೆದು ಬೋಟು ನಡೆಸುವ ಈ ತಾಂಡೇಲರ ಮಾತು ಕೇಳಿ. ಕರೆದರೆ ನಾನೂ ಬರುತ್ತೇನೆ.

ಇತಿ,
ಮಂಗಳೂರಿನ ಒಬ್ಬ ನಿವೃತ್ತ ಎಂಜಿನ್ ಡ್ರೈವರ್