ಸದಸ್ಯ ಶಿಕ್ಷಕರಿಗೆ ಸೂಚನೆ: ಬರುವ ಶನಿವಾರದ ಸಮಾಲೋಚನಾ ಸಭೆ

ಆತ್ಮೀಯ ಶಿಕ್ಷಕ ಬಂಧುಗಳೇ,

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರಿಂದ ವರ್ಷಕ್ಕೆ ಕನಿಷ್ಠ 50 ಗಂಟೆಗಳ ನಿರಂತರ ವೃತ್ತಿ ಅಭಿವೃದ್ಧಿಯನ್ನು ಅಪೇಕ್ಷಿಸುತ್ತದೆ. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದಲ್ಲಿ ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆದರೆ ಗಂಟೆಗಳ ಲೆಕ್ಕ ತುಂಬುತ್ತದೆ. ಆದರೆ ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಶಾಲೆಯಲ್ಲಿ ಮೂರು ತರಗತಿಗಳ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಕೋಣೆಯಲ್ಲಿ ಒಬ್ಬರೇ ಕುಳಿತಾಗ ಆ ಕಲಿಕೆ ಎಷ್ಟು ಕೈಹಿಡಿಯುತ್ತದೆ ಎಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾಗಿದೆ.

ಹೋದ ತಿಂಗಳು ನಾನು ಕೃತಕ ಬುದ್ಧಿಮತ್ತೆಯ ಸಾಧನವೊಂದರಿಂದ ಭಿನ್ನರಾಶಿಯ ಪಾಠಯೋಜನೆ ಬರೆಸಿದೆ. ಭಾಷೆ ಸ್ವಚ್ಛವಾಗಿತ್ತು, ಉದಾಹರಣೆಗಳೆಲ್ಲ ಪಿಜ್ಜಾ ತುಂಡುಗಳಾಗಿದ್ದವು. ಅವನ್ನು ಜೋಳದ ರೊಟ್ಟಿಗೆ ಬದಲಿಸಿಕೊಳ್ಳುವುದು ಕಷ್ಟವಲ್ಲ. ಆದರೆ 4 ಎಂಬುದು 3ಕ್ಕಿಂತ ದೊಡ್ಡದಾದ್ದರಿಂದ ಕಾಲು ಭಾಗವೂ ಮೂರನೇ ಒಂದು ಭಾಗಕ್ಕಿಂತ ದೊಡ್ಡದೆಂದು ಮಗು ತಿಳಿಯುವ ಆ ಸಹಜ ತಪ್ಪನ್ನು ಯೋಜನೆ ಎಲ್ಲಿಯೂ ಎದುರಿಸಿರಲಿಲ್ಲ. ಅದನ್ನು ಗುರುತಿಸುವ ಕಣ್ಣು ಮಕ್ಕಳ ನೋಟ್‌ಬುಕ್ ತಿದ್ದಿ ಬಂದದ್ದು, ಮತ್ತು ನನ್ನ ದೃಷ್ಟಿಯಲ್ಲಿ ನಮ್ಮ ತರಬೇತಿ ಬೆಳೆಸಬೇಕಾದದ್ದು ಅದನ್ನೇ.

ಆದ್ದರಿಂದ ಶನಿವಾರದ ಸಭೆಗೆ ಪ್ರತಿಯೊಬ್ಬರೂ ತಂತ್ರಜ್ಞಾನ ಬಳಸಿ ಮಾಡಿದ ಒಂದು ಪಾಠವನ್ನು, ಅದು ವಿಫಲವಾಗಿದ್ದರೂ ಸರಿ, ಮಕ್ಕಳ ಬರವಣಿಗೆಯ ಎರಡು ಪುಟಗಳೊಂದಿಗೆ ತರಬೇಕೆಂದು ವಿನಂತಿ. ಮಕ್ಕಳ ಹೆಸರು ಕಾಣದಂತೆ ಮುಚ್ಚಿರಿ. ಚರ್ಚೆಯಲ್ಲಿ ಮೂಡುವ ಅಗತ್ಯಗಳನ್ನು ಬರೆದು ಮುನಿರಾಬಾದಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ (ಡಯಟ್) ಸಲ್ಲಿಸೋಣ.