ಕಾರಿನ ಫ್ಯೂಸ್ ಮತ್ತು ‘ಶಾರ್ಟ್ ಸರ್ಕ್ಯೂಟ್ ಶಂಕೆ’

ಮಾನ್ಯ ಸಂಪಾದಕರೇ,

ಕಾರಿಗೆ ಬೆಂಕಿ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಕೊನೆಯ ಸಾಲು ಬಹುತೇಕ ಒಂದೇ ಆಗಿರುತ್ತದೆ: ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿರಬಹುದು ಎಂದು ಶಂಕಿಸಲಾಗಿದೆ. ಇದನ್ನು ಓದಿದವರಿಗೆ ಶಾರ್ಟ್ ಎಂಬುದು ಸಿಡಿಲಿನಂತೆ ಹೇಳದೆ ಕೇಳದೆ ಎರಗುವ ಸಂಗತಿ ಎನ್ನಿಸಿದರೆ ಆಶ್ಚರ್ಯವಿಲ್ಲ. ಎಷ್ಟೋ ಸಲ ಅದು ಮುಂಚೆಯೇ ಎಚ್ಚರಿಕೆ ಕೊಟ್ಟಿರುತ್ತದೆ, ನಾವೇ ಅದರ ಬಾಯಿ ಮುಚ್ಚಿಸಿರುತ್ತೇವೆ. ನಾನೂ ಮುಚ್ಚಿಸಿದವನೇ ಆದ್ದರಿಂದ ಈ ಪತ್ರ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನನ್ನ ಹಳೆಯ ಕಾರಿನ ಹಿಂದಿನ ದೀಪಗಳು, ನಂಬರ್ ಪ್ಲೇಟಿನ ದೀಪ ಮತ್ತು ಮೀಟರ್ ಬೋರ್ಡಿನ ಬೆಳಕು ಒಟ್ಟಿಗೇ ಆರಿಹೋದವು. ಈ ಸಾಲಿಗಿದ್ದ 10 ಆಂಪಿಯರಿನ ಕೆಂಪು ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿದೆ, ಎರಡು ದಿನ ನಡೆದು, ಮೂರನೆಯ ದಿನ ಹಂಪ್ ದಾಟುವಾಗ ಮತ್ತೆ ಹೋಯಿತು. ಗ್ಯಾರೇಜೊಂದರಲ್ಲಿ ತೋರಿಸಿದರೆ ಅಲ್ಲಿನ ಹುಡುಗ 30 ಆಂಪಿಯರಿನ ಹಸಿರು ಫ್ಯೂಸ್ ಒತ್ತಿ, ‘ಇನ್ನು ಹೋಗಲ್ಲ ಸಾರ್, ಆರಾಮಾಗಿ ಓಡಿಸಿ’ ಎಂದ. ಫ್ಯೂಸ್ ನಿಜಕ್ಕೂ ಹೋಗಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಸ್ಟೀರಿಂಗಿನ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರತೊಡಗಿತು.

ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ವರ್ಷವರ್ಷವೂ ಹತ್ತನೆಯ ತರಗತಿಯ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಆ ಹಸಿರು ಫ್ಯೂಸಿಗೆ ತಲೆಯಾಡಿಸಿದೆ ಎನ್ನಲು ನಾಚಿಕೆಯಾಗುತ್ತದೆ. 10 ಆಂಪಿಯರಿನ ಬದಲು 30 ಹರಿದರೆ ಶಾಖ ಒಂಬತ್ತು ಪಟ್ಟಾಗುತ್ತದೆ. ಫ್ಯೂಸಿನ ಕೆಲಸ ಮುಖ್ಯವಾಗಿ ವೈರನ್ನು ಕಾಯುವುದು. ವೈರು ತಾಳುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ, ಅಥವಾ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದವನ್ನೋ ತಾಮ್ರದ ಎಳೆಯನ್ನೋ ಸುತ್ತಿದರೆ, ವೈರೇ ಫ್ಯೂಸಾಗಿ ಕಾರ್ಪೆಟ್ಟಿನ ಅಡಿಯಲ್ಲೋ ಸೀಟಿನ ಕೆಳಗೋ ಸುಡುತ್ತದೆ.

ಆಮೇಲೆ ಹೋದ ದೊಡ್ಡ ವರ್ಕ್‌ಶಾಪಿನವರು ಒಂದು ವೈರನ್ನೂ ಮುಟ್ಟಿ ನೋಡದೆ, ಇಡೀ ವೈರಿಂಗ್ ಕಿಟ್ ಬದಲಿಸಬೇಕೆಂದು 40 ಸಾವಿರ ರೂಪಾಯಿ ದಾಟುವ ಅಂದಾಜು ಪಟ್ಟಿಯನ್ನು ಕೈಗಿತ್ತರು. ದೋಷವನ್ನು ಹುಡುಕಿ ತೆಗೆದವರು ನಮ್ಮೂರಿನ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು. ಅವರು ಫ್ಯೂಸ್ ಕಿತ್ತು, ಅದು ಕೂರುವ ಜಾಗಕ್ಕೆ ಎರಡು ತುಂಡು ವೈರಿನಿಂದ ಇಂಡಿಕೇಟರಿನ 21 ವಾಟಿನ ಬಲ್ಬೊಂದನ್ನು ಸೇರಿಸಿದರು. ಆ ಸಾಲಿನ ಹೊರಗಿನ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟು ಪಾರ್ಕಿಂಗ್ ಲೈಟಿನ ಸ್ವಿಚ್ ಹಾಕಿದರು. ಇನ್ನು ಉಳಿದದ್ದು ಮೀಟರ್ ಬೋರ್ಡಿನ ಪುಟ್ಟ ದೀಪಗಳಷ್ಟೇ ಆದ್ದರಿಂದ ಪರೀಕ್ಷೆಯ ಬಲ್ಬು ಹೊಳೆಯಬಾರದು. ಪೂರ್ತಿ ಹೊಳೆದರೆ ಎಲ್ಲೋ ವೈರು ಕಾರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗುತ್ತಿದೆ ಎಂದರ್ಥ. ಬಲ್ಬೇ ಅಡ್ಡ ನಿಂತಿರುವುದರಿಂದ ಶಾರ್ಟ್ ಆದರೂ ಎರಡು ಆಂಪಿಯರಿನಷ್ಟೂ ಕರೆಂಟ್ ಹರಿಯುವುದಿಲ್ಲ, ಫ್ಯೂಸುಗಳೂ ದಂಡವಾಗುವುದಿಲ್ಲ.

ಡ್ಯಾಶ್‌ಬೋರ್ಡಿನ ಅಡಿಯ ವೈರಿನ ಕಂತೆಯನ್ನು ಅಲ್ಲಾಡಿಸಿದರು, ಬಾಗಿಲ ಬುಡದ ಪಟ್ಟಿ ಎಬ್ಬಿಸಿ ನೋಡಿದರು, ಬಲ್ಬು ಸುಮ್ಮನಿತ್ತು. ಡಿಕ್ಕಿಯ ಬಾಗಿಲನ್ನು ನಿಧಾನವಾಗಿ ಎತ್ತುತ್ತ ಹೋದಾಗ ಅರ್ಧದಲ್ಲಿ ಫಕ್ಕನೆ ಹೊತ್ತಿಕೊಂಡಿತು, ಇನ್ನಷ್ಟು ಎತ್ತಿದರೆ ಆರಿತು. ಕೀಲಿನ ಬಳಿ ವೈರುಗಳು ಹಾದುಹೋಗುವ ರಬ್ಬರ್ ಕೊಳವೆಯನ್ನು ಸರಿಸಿದಾಗ, ನಂಬರ್ ಪ್ಲೇಟಿನ ದೀಪಕ್ಕೆ ಹೋಗುವ ವೈರಿನ ಸಿಪ್ಪೆ ಒಡೆದು ಒಳಗಿನ ತಾಮ್ರ ಹಸಿರುಗಟ್ಟಿದ್ದು ಕಂಡಿತು. ವರ್ಷಗಟ್ಟಲೆ ಮಡಚಿ ಬಿಡಿಸಿದ ಜಾಗ. ಬಾಗಿಲುಗಳ ಕೀಲಿನಲ್ಲೂ ಹೀಗೆಯೇ ಆಗುತ್ತದಂತೆ. ಗೇಣುದ್ದದ ಹೊಸ ವೈರನ್ನು ಬೆಸೆದು, ಫ್ಯೂಸ್ ಬಾಕ್ಸಿನ ಹಿಂದೆ ಸಿಪ್ಪೆ ಕರಗಿದ್ದ ತುಂಡನ್ನೂ ಬದಲಿಸಿ, ಮತ್ತೆ ಕೆಂಪು ಫ್ಯೂಸ್ ಹಾಕಿದ್ದಕ್ಕೆ ಅವರು ತೆಗೆದುಕೊಂಡದ್ದು 600 ರೂಪಾಯಿ. ಕಿತ್ತಿಟ್ಟ ಹಸಿರು ಫ್ಯೂಸ್ ಮಾತ್ರ ಹೊಸದರಂತೆಯೇ ಇತ್ತು.

ಎಲ್ಲ ದೋಷಕ್ಕೂ ಈ ಬಲ್ಬು ಸಾಲದು. ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಿಗ್ಗೆಗೆ ಇಳಿದುಹೋಗುತ್ತಿದ್ದರೆ, ಬ್ಯಾಟರಿಯ ನೆಗೆಟಿವ್ ಕಡೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಸೇರಿಸಿ, ಅರ್ಧ ಗಂಟೆ ಕಾದು, ಸೋರಿಕೆ 50 ಮಿಲಿಆಂಪಿಯರ್ ದಾಟುತ್ತದೆಯೇ ಎಂದು ನೋಡಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳಿಗಂತೂ ಬಲ್ಬು ಹಿಡಿಯಲೇಬಾರದು, ಚೀಲ ಸಿಡಿಯಬಹುದು.

ವೈರಿಂಗ್ ಕಿಟ್ ಬದಲಿಸಲು ಹೇಳುವ ವರ್ಕ್‌ಶಾಪುಗಳು, ಯಾವ ಸಾಲಿನಲ್ಲಿ ದೋಷವಿದೆ ಮತ್ತು ಅದನ್ನು ಹೇಗೆ ಪರೀಕ್ಷಿಸಿದೆವು ಎಂಬುದನ್ನು ಅಂದಾಜು ಪಟ್ಟಿಯಲ್ಲೇ ಬರೆದುಕೊಡಬೇಕು. ಬೆಂಕಿ ಬಿದ್ದ ವಾಹನಗಳನ್ನು ಪರಿಶೀಲಿಸುವ ಅಧಿಕಾರಿಗಳು ಫ್ಯೂಸ್ ಬಾಕ್ಸ್ ಉಳಿದಿದ್ದರೆ ಅದರಲ್ಲಿ ಎಷ್ಟು ಆಂಪಿಯರಿನ ಫ್ಯೂಸುಗಳಿದ್ದವು, ಹೊರಗಿನಿಂದ ಹೆಚ್ಚುವರಿ ದೀಪವನ್ನೋ ಹಾರನ್ನನ್ನೋ ಜೋಡಿಸಲಾಗಿತ್ತೇ ಎಂಬುದನ್ನು ದಾಖಲಿಸಲಿ. ನಿಮ್ಮ ವರದಿಗಾರರೂ ಶಂಕೆಯ ಆ ಒಂದು ಸಾಲಿಗೆ ನಿಲ್ಲದೆ ಅದನ್ನು ಕೇಳಿ ಬರೆಯಲಿ ಎಂಬುದು ನನ್ನ ಕೋರಿಕೆ.

— ನಿವೃತ್ತ ವಿಜ್ಞಾನ ಶಿಕ್ಷಕ, ಸಾಗರ