ನಮ್ಮ ಈಜು ತಂಡವನ್ನು ಉಳಿಸಿಕೊಟ್ಟವರಿಗೆ

ಕಳೆದ ಫೆಬ್ರವರಿಯಲ್ಲಿ ನಮ್ಮ ಮಗಳು ತನ್ನ ಕಾಲೇಜಿನ ಕೊನೆಯ ಸ್ಪರ್ಧೆಯಾದ 200 ಗಜದ ಬ್ರೆಸ್ಟ್‌ಸ್ಟ್ರೋಕ್ ಈಜಿ ಮುಗಿಸಿದಳು. ಗೋಡೆ ಮುಟ್ಟಿದವಳು ಸಮಯದ ಫಲಕದತ್ತ ತಿರುಗಿಯೂ ನೋಡದೆ, ಪಕ್ಕದ ಲೇನಿನ ಗೆಳತಿಯ ಕೈ ಹಿಡಿದು ಬಹಳ ಹೊತ್ತು ನೀರಿನಲ್ಲೇ ನಿಂತಿದ್ದಳು. ಎರಡು ವರ್ಷಗಳ ಹಿಂದೆ, ತಂಡವನ್ನೇ ಮುಚ್ಚುತ್ತಿದ್ದೇವೆಂದು ಅವಳ ವಿಶ್ವವಿದ್ಯಾಲಯವು ಒಂದು ಇ-ಮೇಲ್‌ನಲ್ಲಿ ತಿಳಿಸಿದಾಗ, ಇಂಥ ದಿನ ಬರುತ್ತದೆಂಬ ನಂಬಿಕೆ ನಮಗಿರಲಿಲ್ಲ. ಆ ದಿನವನ್ನು ತಂದುಕೊಟ್ಟವರಿಗೆ ನಮ್ಮ ಕುಟುಂಬದ ಕೃತಜ್ಞತೆಯನ್ನು ಇಲ್ಲಿ ಸಲ್ಲಿಸುತ್ತಿದ್ದೇನೆ.

ಊರಿನ ಬಂಧುಗಳಿಗಾಗಿ ಒಂದು ಮಾತು ಹೇಳಬೇಕು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ತರಬೇತುದಾರರ ನೇಮಕದಿಂದ ಹಿಡಿದು ಟಿ.ವಿ. ಹಣ, ದಾನಿಗಳು, ಕ್ರೀಡಾಂಗಣದ ಸಾಲದವರೆಗೆ ಎಲ್ಲವೂ ಅಥ್ಲೆಟಿಕ್ ಡೈರೆಕ್ಟರ್ ಎಂಬ ಒಬ್ಬ ಅಧಿಕಾರಿಯ ಕೈಯಲ್ಲಿರುತ್ತದೆ. ಅವರನ್ನು ಜನ ಅಳೆಯುವುದು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಂಡಗಳ ಗೆಲುವಿನಿಂದ ಮತ್ತು ವಿಭಾಗದ ಲೆಕ್ಕಪತ್ರದಿಂದ. ಇವೆರಡೂ ಬೇಕಾದ ಅಳತೆಗಳೇ. ಆದರೆ ಇವೆರಡೇ ಸಾಲವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು ಎಲ್ಲ ಕ್ರೀಡೆಗಳ ಒಟ್ಟು ಸಾಧನೆಗೆ ಸಲ್ಲುವ ಡೈರೆಕ್ಟರ್ಸ್ ಕಪ್ಪನ್ನು 2019ರವರೆಗೆ ಸತತ 25 ಬಾರಿ ಗೆದ್ದಿತ್ತು. ಆದರೂ 2020ರ ಜುಲೈನಲ್ಲಿ, ಹಣದ ಕೊರತೆಯ ಕಾರಣ ಹೇಳಿ, ತನ್ನ 36 ಕ್ರೀಡೆಗಳಲ್ಲಿ 11ನ್ನು ನಿಲ್ಲಿಸುವುದಾಗಿ ಘೋಷಿಸಿತು. ಮರುವರ್ಷ ಅಲ್ಲಿಯ ಕುಸ್ತಿಪಟು ಶೇನ್ ಗ್ರಿಫಿತ್, ವಿಶ್ವವಿದ್ಯಾಲಯದ ಹೆಸರಾಗಲಿ ಚಿಹ್ನೆಯಾಗಲಿ ಇಲ್ಲದ ಕಪ್ಪು ಉಡುಪಿನಲ್ಲಿ ಅಖಾಡಕ್ಕಿಳಿದು ರಾಷ್ಟ್ರೀಯ ಚಾಂಪಿಯನ್ ಆದರು. ಮೇ ತಿಂಗಳಲ್ಲಿ ಆ 11 ಕ್ರೀಡೆಗಳೂ ಉಳಿದವು. ಕಪ್ಪು ಉಡುಪಿನ ಗ್ರಿಫಿತ್ ಅವರ ಚಿತ್ರವನ್ನು ನಮ್ಮ ಮಗಳು ತನ್ನ ಹಾಸ್ಟೆಲ್ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಳು.

ನಮ್ಮ ಹೋರಾಟಕ್ಕೆ ಬುನಾದಿ ಹಾಕಿದವರು ತಂಡದ ಹಳೆಯ ಈಜುಗಾರ್ತಿಯೊಬ್ಬರು. ಈಗ ಅವರು ಲೆಕ್ಕಪರಿಶೋಧಕರು. ವಿಶ್ವವಿದ್ಯಾಲಯದ ಕಾಗದಗಳಲ್ಲಿ ಈಜು ತಂಡ ಬರೀ ಖರ್ಚಿನ ಬಾಬ್ತಾಗಿತ್ತು. ಆಗಿನ ನಿಯಮದಂತೆ ಇಡೀ ಮಹಿಳಾ ಈಜು ತಂಡಕ್ಕೆ ಹೆಚ್ಚೆಂದರೆ 14 ಪೂರ್ಣ ವಿದ್ಯಾರ್ಥಿವೇತನಗಳು; ಅವನ್ನೇ ಎಲ್ಲರೂ ಹಂಚಿಕೊಳ್ಳಬೇಕು, ನಮ್ಮ ತಂಡಕ್ಕಂತೂ ಅಷ್ಟೂ ಇರಲಿಲ್ಲ. ಹಾಗಾಗಿ ಹೆಚ್ಚಿನ ಹುಡುಗಿಯರ ತಂದೆತಾಯಂದಿರು ಬೋಧನಾ ಶುಲ್ಕದ ಬಹುಪಾಲನ್ನು ತಾವೇ ಕಟ್ಟುತ್ತಿದ್ದರು. ಆ ಹಣ ಸೇರುತ್ತಿದ್ದದ್ದು ವಿಶ್ವವಿದ್ಯಾಲಯದ ಖಜಾನೆಗೆ, ಕ್ರೀಡಾ ವಿಭಾಗದ ಪುಸ್ತಕದಲ್ಲಿ ಅದರ ಸುಳಿವೇ ಇರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡು ಆ ತಾಯಿ ಮೂರು ರಾತ್ರಿ ಕುಳಿತು ಈ ಲೆಕ್ಕವನ್ನು ಬಿಡಿಸಿಟ್ಟರು. ಅವರ ಋಣವನ್ನು ನಾವು ತೀರಿಸಲಾರೆವು.

ಅನಂತರ ಬಂದ ಹೊಸ ಡೈರೆಕ್ಟರ್ ಅವರಿಗೆ ನಾನು ವಿಶೇಷವಾಗಿ ವಂದಿಸುತ್ತೇನೆ. ಪೋಷಕರನ್ನು ಕರೆಸಿ, ಪುಸ್ತಕಗಳನ್ನು ಮುಂದಿಟ್ಟು, ಎಷ್ಟು ಹಣ ಕಡಿಮೆ ಬೀಳುತ್ತದೆಂದು ಅವರು ನೇರವಾಗಿ ಹೇಳಿದರು. ಹಳೆಯ ವಿದ್ಯಾರ್ಥಿಗಳು ಅದನ್ನು ತುಂಬಿಕೊಡಲು ಒಂದು ವರ್ಷದ ಗಡುವನ್ನೂ ಕೊಟ್ಟರು. ಈ ವರ್ಷ ಅವರ ಫುಟ್‌ಬಾಲ್ ತಂಡ ಹೆಚ್ಚು ಗೆಲ್ಲಲಿಲ್ಲ, ಟೀಕೆ ಶುರುವಾಗಿದೆ. ಒಂದೊಂದು ವಿಶ್ವವಿದ್ಯಾಲಯವೂ ತನ್ನ ಆಟಗಾರರಿಗೆಲ್ಲ ಸೇರಿ ನೇರವಾಗಿ ಮೊದಲ ವರ್ಷ 2 ಕೋಟಿ 5 ಲಕ್ಷ ಡಾಲರ್‌ವರೆಗೆ ಕೊಡಲು, ಆಟಗಾರರು ಹೂಡಿದ್ದ ಮೊಕದ್ದಮೆಯ 2025ರ ಇತ್ಯರ್ಥ ಅವಕಾಶ ಮಾಡಿಕೊಟ್ಟ ಮೇಲೆ, ಟಿಕೆಟ್ ಮಾರದ ತಂಡಗಳನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಬಲ್ಲವರು ಬಲ್ಲರು. ಅವರ ಕೆಲಸವನ್ನು ತೂಗುವವರು, ಅವರು ಮುಚ್ಚದೆ ಉಳಿಸಿದ ತಂಡಗಳನ್ನೂ ಪದವಿ ಮುಗಿಸಿ ಹೊರಬಂದ ಮಕ್ಕಳನ್ನೂ ತಕ್ಕಡಿಗೆ ಹಾಕಬೇಕೆಂದು ಕೈಮುಗಿದು ಕೇಳುತ್ತೇನೆ.

ಚಳಿಗಾಲದ ಬೆಳಗಿನ ಐದು ಗಂಟೆಗೆ ಹುಡುಗಿಯರಿಗಾಗಿ ಈಜುಕೊಳದ ಬಾಗಿಲು ತೆರೆದಿಡುತ್ತಿದ್ದ ಸಿಬ್ಬಂದಿಗೆ, ತಂಡ ಮುಳುಗುತ್ತಿದ್ದಾಗಲೂ ಬೇರೆ ಕೆಲಸ ಹುಡುಕಿ ಹೋಗದ ತರಬೇತುದಾರರಿಗೆ, ಪ್ರತಿ ಸ್ಪರ್ಧೆಗೂ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ಹೊತ್ತು ತಂದು ಇಡೀ ತಂಡಕ್ಕೆ ಬಡಿಸಿದ ನಮ್ಮ ಕನ್ನಡ ಕೂಟದ ಅಕ್ಕಂದಿರಿಗೆ ನಮ್ಮ ನಮಸ್ಕಾರಗಳು. ಅಕ್ಕಂದಿರೇ, ಆ ಪಾತ್ರೆ ಇನ್ನೂ ನಮ್ಮ ಮನೆಯಲ್ಲೇ ಇದೆ. ಶರತ್ಕಾಲದಲ್ಲಿ ತಂಡಕ್ಕೆ ಒಂಬತ್ತು ಹೊಸ ಹುಡುಗಿಯರು ಸೇರಲಿದ್ದಾರೆ. ಮಗಳು ಈಜದಿದ್ದರೂ ಮೊದಲ ಸ್ಪರ್ಧೆಗೆ ಆ ಪಾತ್ರೆಯೊಂದಿಗೆ ನಾವು ಬರುತ್ತೇವೆ.